ಅಪ್ಪನ ಎಡಮಗ್ಗುಲು

ಜೇಬಿನಲ್ಲಿ ಫೋನು ಎರಡನೇ ಸಲ ನಡುಗಿದಾಗ ನಬೀಹ್‌ನ ಬಾಯಲ್ಲಿ ಎದುರು ಸೀಟಿನ ಮುದುಕಿ ಕೊಟ್ಟ ಕಿತ್ತಳೆ ತೊಳೆಯಿತ್ತು. ಅಂಗಡಿಯ ಔಷಧಿ ಸರಕಿಗೆಂದು ಹೈಫಾದಿಂದ ಬಂದು ಉಳಿದಿದ್ದ ತೆಲ್ ಅವೀವ್ ಬಿಟ್ಟು ಇಪ್ಪತ್ತು ನಿಮಿಷವಾಗಿತ್ತು. ರೈಲು ಸಮುದ್ರವನ್ನು ಎಡಕ್ಕೆ ಹಾಕಿಕೊಂಡು ಉತ್ತರಕ್ಕೆ ಓಡುತ್ತಿತ್ತು. ಮುದುಕಿ ಹತ್ತಿದಾಗಿನಿಂದ ಬಾಯಿಗೆ ಬಿಡುವು ಕೊಟ್ಟಿರಲಿಲ್ಲ. ಮೊಣಕಾಲು ನೋವು, ಸೊಸೆಯ ಸಪ್ಪೆ ಅಡುಗೆ, ನಹರಿಯಾದಲ್ಲಿರುವ ಮಗ ಎಲ್ಲ ಮುಗಿದು ಈಗ ನಬೀಹ್‌ನ ಸರದಿ ಬಂದಿತ್ತು. ಅವಳ ಪಕ್ಕದಲ್ಲಿ ಒಬ್ಬ ಸೈನಿಕ ಹುಡುಗಿ ತೊಡೆಯ ಮೇಲೆ ಬಂದೂಕಿಟ್ಟುಕೊಂಡು ಬಾಯಿ ತೆರೆದು ನಿದ್ದೆ ಹೋಗಿದ್ದಳು. "ನಿಮ್ಮ ತಂದೆ ತಾಯಿ ಎಲ್ಲಿಂದ ಬಂದೋರು? ರುಮೇನಿಯಾನಾ?" ಎಂದು ಮುದುಕಿ ಕೇಳಿದ್ದಳು. ಈ ದೇಶದಲ್ಲಿ ಅದು ಊಟ ಆಯ್ತಾ ಎಂದು ಕೇಳಿದಷ್ಟೇ ಸಲೀಸಾದ ಪ್ರಶ್ನೆ. ಎಲ್ಲರ ತಂದೆ ತಾಯಿಯೂ ಎಲ್ಲಿಂದಲೋ ಬಂದವರೇ. ಎಲ್ಲಿಂದಲೂ ಬಾರದೆ ಇದ್ದಲ್ಲೇ ಇದ್ದವರ ಮಕ್ಕಳು ಮಾತ್ರ ಉತ್ತರಕ್ಕೆ ತಡವರಿಸಬೇಕು. ನಬೀಹ್ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ, ನಕ್ಕು ಸುಮ್ಮನಾದ. "ನಾನಾಗ್ಲೇ ಅಂದ್ಕೊಂಡೆ, ಆ ಮೂಗೇ ಹೇಳತ್ತೆ" ಎಂದು ಅವಳು ಖುಷಿಯಾಗಿ ಕಿತ್ತಳೆ ಸುಲಿದಿದ್ದಳು. ಐವತ್ತೆರಡು ವರ್ಷದಿಂದ ಅಪ್ಪನದೆಂದು ಹೊತ್ತುಕೊಂಡಿದ್ದ ಮೂಗು ಒಂದು ಹಣ್ಣಿನ ತೊಳೆಗೆ ಕೈಬದಲಾಯಿತು. ಅದರಲ್ಲಿ ಅವನಿಗೆ ಒಂದಿಷ್ಟು ಹಾಯೆನಿಸಿದ್ದೂ ನಿಜ. ಆ ಹಾಯಿಗೆ ನಾಚಿಕೆಯಾದದ್ದು ಆಮೇಲೆ.

ಫೋನಿನ ಮುಖದ ಮೇಲೆ ಅರಬ್ಬಿ ಅಕ್ಷರದಲ್ಲಿ ಅಮ್ಮನ ಹೆಸರು ಹೊಳೆಯುತ್ತಿತ್ತು. ಅವನು ಅಂಗೈಯಿಂದ ಮುಚ್ಚಿದ. ನಿನ್ನೆ ಬೆಳಗಿನ ಜಾವ ಚಿಕ್ಕಪ್ಪ ಸಲಾಮೆ ತೀರಿಕೊಂಡಿದ್ದ. ಮಣ್ಣು ಇವತ್ತು ಮಧ್ಯಾಹ್ನ ಮೂರಕ್ಕೆ, ಹಳೆಯ ಊರಿನಲ್ಲಿ. ಅಮ್ಮ ಬೆಳಗಿನಿಂದ ಅಲ್ಲೇ ಇರುವವಳು. ತೆಗೆಯದಿದ್ದರೆ ಮತ್ತೆ ಮಾಡುತ್ತಾಳೆ, ಮತ್ತೆ ಮತ್ತೆ ಮಾಡುತ್ತಾಳೆ. ನಬೀಹ್‌ನಂಥ ಅರಬರು ಇಂಥ ಹೊತ್ತಿನಲ್ಲಿ ಎದ್ದು ಹೋಗಿ ಬೋಗಿಯ ಬಾಗಿಲ ಬಳಿ, ಕಕ್ಕಸಿನ ಪಕ್ಕ ನಿಂತು ಮಾತಾಡುತ್ತಾರೆ. ಅದು ಯಾರೂ ಬರೆದಿಡದ ಕಾನೂನು. ಆದರೆ ಫೋನು ಹಿಡಿದು ಎದ್ದರೆ ಎದ್ದದ್ದೇ ಸಾಕ್ಷಿಯಾಗುತ್ತದೆ, ಈಗಷ್ಟೇ ರುಮೇನಿಯಾದವನಾದವನಿಗೆ ಏಳುವ ದಾರಿಯಿಲ್ಲ. ಮೊನ್ನೆ ಪಟ್ಟಣದಲ್ಲಿ ಏನೋ ನಡೆದಿತ್ತು, ಸುದ್ದಿ ಇನ್ನೂ ಆರಿರಲಿಲ್ಲ, ಬೋಗಿಯಲ್ಲಿ ಜನ ಒಬ್ಬರ ಕೈಚೀಲವನ್ನೊಬ್ಬರು ನೋಡುತ್ತಿದ್ದರು. ಅವನು ಕೂತಲ್ಲೇ ಫೋನನ್ನು ಕಿವಿಗೆ ಒತ್ತಿ ಹಿಡಿದ, ಅಮ್ಮನ ದನಿ ಹೊರಗೆ ಸೋರದ ಹಾಗೆ.

"ನಬೀಹ್, ಯಮ್ಮಾ, ಎಲ್ಲಿದೀಯ?" ಅಲ್ಲಿನ ತಾಯಂದಿರೆಲ್ಲ ಹಾಗೆಯೇ, ಮಕ್ಕಳು ತಮ್ಮನ್ನು ಕರೆಯುವ ಯಮ್ಮಾ ಎಂಬ ಮಾತಿನಿಂದಲೇ ಮಕ್ಕಳನ್ನೂ ಕರೆಯುತ್ತಾರೆ. "ಕೇಳು, ಬೇಗ ಹೇಳ್ಬೇಕು. ಚಿಕ್ಕಪ್ಪನಿಗೆ ಅಂತ ಅಗೀತಿದ್ರಲ್ಲ, ಅಲ್ಲಿ ಬಂಡೆ ಸಿಕ್ಬಿಟ್ಟಿದೆ. ಮೊಣಕಾಲುದ್ದ ಕೂಡ ಇಳಿದಿಲ್ಲ. ನಿನ್ನ ಜಾಗ ಕೊಡ್ತೀಯಾ ಅಂತ ಚರ್ಚಿನ ಅಬು ನಖ್ಲೆ ಕೇಳ್ತಾ ನಿಂತಿದಾನೆ. ನಿನ್ನಪ್ಪನ ಗೋರಿ ಎಡಗಡೆ ನಿನಗೆ ಅಂತ ಇಟ್ಟಿರೋದು. ಅದು ನನ್ನ ಮಗಂದು, ಅವನನ್ನ ಕೇಳ್ದೆ ಕೊಡಲ್ಲ ಅಂದಿದೀನಿ. ಬೇಡ ಅಂದ್ರೆ ಬೇಡ ಅನ್ನು, ಜಿರಯಸ್ ಅವರಪ್ಪನಿಗೆ ಅಂತ ಮಷೀನು ತಂದು ಬಂಡೆ ಒಡೀತಾನೆ. ಹೇಳು ಯಮ್ಮಾ, ಗುದ್ದಲಿ ಹಿಡ್ಕೊಂಡು ಕಾಯ್ತಿದಾರೆ."

ಬೇಡ ಎನ್ನಬೇಕಿತ್ತು. ಒಂದೇ ಮಾತು. ಆದರೆ ಮುದುಕಿ ಸುಲಿಯುವುದನ್ನು ನಿಲ್ಲಿಸಿ ಅವನ ಬಾಯಿಯನ್ನೇ ನೋಡುತ್ತಿದ್ದಳು, ಹುಡುಗಿಯ ಕಣ್ಣು ಅರ್ಧ ತೆರೆದಿತ್ತು. ನಬೀಹ್ ತನಗಿಂತ ಕೆಳಗಿನ ಕೆಲಸಗಾರನೊಡನೆ ಮಾತಾಡುವ ದನಿ ತೆಗೆದು, ಚೊಕ್ಕ ಹೀಬ್ರೂವಿನಲ್ಲಿ ಹೇಳಿದ: "ಸರಿ, ಸರಿ. ನಾನೀಗ ರೈಲಿನಲ್ಲಿದ್ದೇನೆ. ಆಮೇಲೆ ನೋಡೋಣ. ಅಂಥ ತುರ್ತೇನೂ ಇಲ್ಲವಲ್ಲ."

ಫೋನಿನ ಆ ಕಡೆ, ದೂರದಲ್ಲಿ ಯಾರೋ ಕಲ್ಲಿಗೆ ಹಾರೆ ಹಾಕುವ ಸದ್ದು, ಒಂದು, ಎರಡು, ಮೂರು. ಆಮೇಲೆ ಅಮ್ಮ ಅದೇ ಹೀಬ್ರೂವಿನಲ್ಲಿ, ಅವನೊಡನೆ ಈ ಜನ್ಮದಲ್ಲಿ ಆಡದ ಭಾಷೆಯಲ್ಲಿ, ತಗ್ಗಿದ ದನಿಯಲ್ಲಿ ಹೇಳಿದಳು: "ಕ್ಷಮಿಸಬೇಕು ಸ್ವಾಮಿ. ತಮಗೆ ತೊಂದರೆ ಕೊಟ್ಟೆ. ತಮ್ಮ ದಿನ ಚೆನ್ನಾಗಿರಲಿ."

ಅದು ಅವನಿಗೆ ಗುರುತಿದ್ದ ದನಿ. ಮೂವತ್ತು ವರ್ಷ ನಹರಿಯಾದ ಮನೆಗಳಲ್ಲಿ ನೆಲ ಒರೆಸಿ, ಸಂಜೆ ಹೊಸಿಲಲ್ಲಿ ನಿಂತು, ಯಜಮಾನಿಯರಿಗೆ ಹೋಗಿಬರುತ್ತೇನೆ ಎನ್ನುತ್ತಿದ್ದ ದನಿ. ಏಳು ವರ್ಷದವನಿದ್ದಾಗ ರಜೆಯ ದಿನಗಳಲ್ಲಿ, ಆಗ ಮನೆಯಿದ್ದ ತರ್ಶೀಹದಿಂದ ಬಸ್ಸಿನಲ್ಲಿ ಅವನನ್ನೂ ಕರೆದುಕೊಂಡು ಹೋಗುತ್ತಿದ್ದಳು. ಕಿಟಕಿಯಾಚೆ ಕುದುರೆ ಕಂಡರೆ ಅವನು ಅರಬ್ಬಿಯಲ್ಲಿ ಕೂಗುವವನು, ಅಮ್ಮನ ಎರಡು ಬೆರಳು ತೊಡೆಗೆ ಬಂದು ಹಿಂಡುತ್ತಿದ್ದವು: ಮೆಲ್ಲಗೆ, ಜನ ಇದ್ದಾರೆ. ತೊಡೆಯ ಆ ಜಾಗ ಬೇಸಿಗೆಯೆಲ್ಲ ನೀಲಿಗಟ್ಟಿರುತ್ತಿತ್ತು. ಅವನ ಮನೆಯಲ್ಲಿ ಜನ ಎಂದರೆ ಯಾವಾಗಲೂ ಹೀಬ್ರೂ ಆಡುವವರೇ. ನಾವು ಜನವಲ್ಲ, ನಾವು ಬರೀ ನಾವು. ಯಜಮಾನಿಯ ಮನೆಯಲ್ಲಿ ಅವನು ಅಡುಗೆಮನೆಯ ಸ್ಟೂಲಿನ ಮೇಲೆ ಕಾಲಾಡಿಸದೆ ಕೂರುತ್ತಿದ್ದ, ಆಕೆಯೂ ಒಮ್ಮೆ ಕಿತ್ತಳೆ ಕೊಟ್ಟು ಎಂಥಾ ಶಾಂತ ಮಗು, ಅರಬರ ಮಕ್ಕಳ ಹಾಗೇ ಇಲ್ಲ ಎಂದಿದ್ದಳು, ಅಮ್ಮ ಬಗ್ಗಿ ಬಟ್ಟೆ ಹಿಂಡುತ್ತಿದ್ದವಳು ತಲೆಯೆತ್ತದೆ ನಕ್ಕಿದ್ದಳು. "ಆಫೀಸಿನವರಾ?" ಎಂದಳು ಎದುರಿನ ಮುದುಕಿ. ಹೌದು ಎಂದ. "ರಜಾ ಹಾಕಿದ್ರೂ ಬಿಡಲ್ವಾ ಪಾಪ? ನನ್ನ ಮಗನಿಗೂ ಹೀಗೇ, ಹೆಂಡತಿಗಿಂತ ಆಫೀಸಿನವರದ್ದೇ ಹೆಚ್ಚು ಕಾಟ." ನಬೀಹ್ ನಕ್ಕ. ತಾಯನ್ನು ಆಫೀಸಿನವಳೆಂದು ಒಪ್ಪಿಸಿ ನಗುವಷ್ಟು ಹಲ್ಲು ತನಗೆ ಎಲ್ಲಿಂದ ಬಂದವೋ ಎಂದು ನಗುತ್ತಲೇ ಅಸಹ್ಯಪಟ್ಟುಕೊಂಡ.

ಐದು ನಿಮಿಷ ಬಿಟ್ಟು, ಕಕ್ಕಸಿಗೆ ಹೋಗುವವನಂತೆ ಎದ್ದು ಬಾಗಿಲ ಬಳಿ ಹೋದ. ಅಲ್ಲಿ ಆಗಲೇ ಗಾರೆ ಮೆತ್ತಿದ ಬೂಟಿನ ಒಬ್ಬ ಯುವಕ ಬಾಯಿಗೆ ಕೈ ಅಡ್ಡ ಹಿಡಿದು ಫೋನಿಗೆ ಅರಬ್ಬಿಯಲ್ಲಿ ಪಿಸುಗುಟ್ಟುತ್ತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು, ನೋಡಲಿಲ್ಲವೆಂಬಂತೆ ಬೆನ್ನು ತಿರುಗಿಸಿದರು. ನಬೀಹ್ ಅಮ್ಮನ ಸಂಖ್ಯೆ ಒತ್ತಿದ. ಗಂಟೆ ಹೊಡೆದು ಹೊಡೆದು ನಿಂತಿತು. ಮತ್ತೆ ಒತ್ತಿದ. ಜಿರಯಸ್‌ನದು ಆರಿಸಿಟ್ಟಿತ್ತು, ಅಪ್ಪ ಸತ್ತವನು ಫೋನು ಯಾಕೆ ಇಟ್ಟುಕೊಂಡಾನು? ಕೊಡಬೇಡ, ಕೊಡಬೇಡ ಎಂದು ಬಾಗಿಲ ಗಾಜಿಗೆ ಹಣೆಯಿಟ್ಟು ಹೇಳಿಕೊಂಡ. ಆ ಜಾಗದ ಮೇಲೆ ತನಗೆ ಇಷ್ಟು ಆಸೆಯಿದೆಯೆಂದು ಯಾರಾದರೂ ನಿನ್ನೆ ಹೇಳಿದ್ದರೆ ನಗುತ್ತಿದ್ದ.

ನಗುತ್ತಲೇ ಬಂದವನು ಅವನು. ಐನ್ ಸುಮ್ಮಾಕ್ ಎಂಬ ಊರಿನಿಂದ ತಾತನನ್ನೂ ಇಡೀ ಹಳ್ಳಿಯನ್ನೂ ಸೈನ್ಯದವರು ಲಾರಿ ಹತ್ತಿಸಿದ್ದು ಅವನು ಹುಟ್ಟುವುದಕ್ಕೆ ಎಷ್ಟೋ ಮುಂಚೆ. ಈಗ ಅಲ್ಲಿರುವುದು ಒಂದು ಚರ್ಚು, ಅದರ ಹಿಂದೆ ಒಂದು ಸ್ಮಶಾನ. ಮನೆಗಳಿದ್ದ ಕಡೆ ಸರ್ಕಾರ ನೆಟ್ಟ ಪೈನ್ ಮರಗಳು. ಬದುಕಿದ್ದವರು ಅಲ್ಲಿ ಒಂದು ರಾತ್ರಿ ತಂಗುವಂತಿಲ್ಲ, ಒಂದು ಗಿಡ ನೆಡುವಂತಿಲ್ಲ. ಹೆಣವಾದರೆ ಅಡ್ಡಿಯಿಲ್ಲ, ಬಂದು ಮಲಗಬಹುದು. "ನಮ್ಮೂರಿಗೆ ಟಿಕೆಟ್ಟು ಕೊಡ್ತಾರೆ ಕಣೋ, ಒಂದೇ ಕಡೇದು" ಎನ್ನುತ್ತಿದ್ದ ಅಪ್ಪ, ಹನ್ನೊಂದು ವರ್ಷದ ಹಿಂದೆ ಆ ಟಿಕೆಟ್ಟು ತಗೊಂಡ. ಸ್ಮಶಾನದ ಗೋಡೆಯನ್ನು ಹಿಗ್ಗಿಸಲು ಅಪ್ಪಣೆಯಿಲ್ಲವಾಗಿ, ಉಳಿದ ಜಾಗಗಳನ್ನು ಚರ್ಚಿನ ಹಿರಿಯ ಅಬು ನಖ್ಲೆ ಮನೆಮನೆಗೆ ಹಂಚಿ, ಗೋಡೆಯ ಮೇಲೆ ಹಸಿರು ಬಣ್ಣದಲ್ಲಿ ಹೆಸರು ಬರೆಸಿದ್ದ. ಅಪ್ಪನ ಬಲಕ್ಕೆ ಅಮ್ಮ, ಎಡಕ್ಕೆ ನಬೀಹ್. ಹೈಫಾದ ಗೆಳೆಯರ ಮುಂದೆ ಅವನು ಇದನ್ನೊಂದು ತಮಾಷೆ ಮಾಡಿ ಹೇಳುತ್ತಿದ್ದ: ನಿಮಗೆ ಸಮುದ್ರ ಕಾಣುವ ಫ್ಲ್ಯಾಟಿದೆ, ನನಗೆ ಅಪ್ಪ ಕಾಣುವ ಗುಂಡಿಯಿದೆ. ಆದರೆ ಹೋದ ಈಸ್ಟರಿನಲ್ಲಿ ಎಲ್ಲರೂ ಚರ್ಚಿನ ಮುಂದೆ ಊಟಕ್ಕೆ ಕೂತಿದ್ದಾಗ ಅವನೊಬ್ಬನೇ ಹಿಂದೆ ಹೋಗಿ, ಯಾರೂ ಇಲ್ಲವೆಂದು ಎರಡು ಸಲ ನೋಡಿ, ಆ ಜಾಗದಲ್ಲಿ ಉದ್ದಕ್ಕೆ ಮಲಗಿದ್ದ. ಬೆನ್ನಿಗೆ ಹುಲ್ಲಿನ ತಂಪು, ಮೇಲೆ ಮರಗಳ ನಡುವೆ ಒಂದು ತುಂಡು ಆಕಾಶ, ಬಲಗೈ ಚಾಚಿದರೆ ಅಪ್ಪನ ಕಲ್ಲು. ಇಲ್ಲಿ ಯಾರೂ ನಿನ್ನ ತಂದೆ ತಾಯಿ ಎಲ್ಲಿಂದ ಬಂದರು ಎಂದು ಕೇಳುವುದಿಲ್ಲ ಎಂದುಕೊಂಡಿದ್ದ. ಅಷ್ಟು ನಿರಾಳವಾಗಿ ಅವನು ಎಲ್ಲೂ ಮಲಗಿದ್ದಿಲ್ಲ, ಸ್ವಂತ ಹಾಸಿಗೆಯಲ್ಲೂ.

ನಡುವಿನ ಒಂದು ನಿಲ್ದಾಣದಲ್ಲಿ ಹಳಿ ರಿಪೇರಿಯೆಂದು ಎಲ್ಲರನ್ನೂ ಇಳಿಸಿದರು. ಹೊರಗೆ ಹೋಗಿ, ರಸ್ತೆ ದಾಟಿ, ಇನ್ನೊಂದು ಬಾಗಿಲಿನಿಂದ ಒಳಗೆ ಬಂದು ಬೇರೆ ರೈಲು ಹತ್ತಬೇಕು. ಮುದುಕಿಯ ಸೂಟ್‌ಕೇಸನ್ನು ನಬೀಹ್ ಹೊತ್ತಿದ್ದ. "ನಿಮ್ಮಂಥೋರು ಇರೋದ್ರಿಂದ ನಾನು ಒಬ್ಬಳೇ ಓಡಾಡ್ತೀನಿ ನೋಡಿ" ಎಂದಳು. ಒಳಬಾಗಿಲಲ್ಲಿ ಕಾವಲುಗಾರ ಮುದುಕಿಯನ್ನು ಬಿಟ್ಟ, ನಬೀಹ್‌ನ ಮುಖವನ್ನು ಒಂದು ಗಳಿಗೆ ಜಾಸ್ತಿ ನೋಡಿ ಗುರುತಿನ ಚೀಟಿ ಕೇಳಿದ. ಹೆಸರನ್ನು ಗಟ್ಟಿಯಾಗಿ ಓದಿದ, ಅಪ್ಪನ ಹೆಸರು, ತಾತನ ಹೆಸರು ಸಮೇತ.

"ಚೀಲ ತೆಗಿ. ಇದೇನು?"

"ಕಪ್ಪು ಟೈ."

"ಇದು?"

"ಬಿ.ಪಿ. ಮಾತ್ರೆ. ಅಮ್ಮನಿಗೆ."

"ಅಮ್ಮ ಎಲ್ಲಿ?"

"ಸ್ಮಶಾನದಲ್ಲಿ."

"ಸತ್ತವಳಿಗೆ ಮಾತ್ರೆ ಯಾಕಯ್ಯಾ?"

"ಸತ್ತಿರೋದು ಚಿಕ್ಕಪ್ಪ."

ಕಾವಲುಗಾರನಿಗೆ ಇದು ಚೇಷ್ಟೆಯೆನಿಸಿತು. ಪಕ್ಕಕ್ಕೆ ನಿಲ್ಲು ಎಂದ. ನಬೀಹ್ ಪಕ್ಕಕ್ಕೆ ನಿಂತ. ಅದರಲ್ಲಿ ಅವನದು ಪಳಗಿದ ಕೈ, ಎಲ್ಲಿ ನಿಂತರೆ ಯಾರ ದಾರಿಗೂ ಅಡ್ಡವಾಗದು, ಕೈಗಳನ್ನು ಎಲ್ಲಿಡಬೇಕು ಎಲ್ಲವೂ ಗೊತ್ತು. ನಾಲ್ಕು ಹೆಜ್ಜೆಯಾಚೆ ಮುದುಕಿ ಅವನ ಹೆಸರು ಕೇಳಿಸಿಕೊಂಡು ನಿಂತಿದ್ದಳು. ಬೈಯಲಿಲ್ಲ, ಮುಖ ಕೂಡ ಸಿಂಡರಿಸಲಿಲ್ಲ. ಕೈಚೀಲವನ್ನು ಈ ತೋಳಿನಿಂದ ಆ ತೋಳಿಗೆ ಬದಲಾಯಿಸಿಕೊಂಡಳು, ಅವನ ಕಾಲ ಬಳಿಯಿದ್ದ ಸೂಟ್‌ಕೇಸನ್ನು ಬಗ್ಗಿ ತಾನೇ ಎಳೆದುಕೊಂಡು, ನೋಯುವ ಮೊಣಕಾಲನ್ನು ಊರುತ್ತಾ ಹೊರಟುಹೋದಳು. ಅವಳ ಒಳ್ಳೆಯ ಅಭಿಪ್ರಾಯಕ್ಕೋಸ್ಕರ ಅವನು ಬೆಳಗ್ಗೆ ಹೆತ್ತ ತಾಯನ್ನು ಮಾರಿಕೊಂಡಿದ್ದ, ಅದು ಹತ್ತು ಗಂಟೆಯ ರೈಲಿನಿಂದ ಹನ್ನೊಂದರ ರೈಲಿನವರೆಗೂ ಬಾಳಲಿಲ್ಲ. ಕಾವಲುಗಾರ ಅವನನ್ನು ಬಿಟ್ಟಾಗ ರೈಲು ಹೋಗಿತ್ತು, ಮುಂದಿನದಕ್ಕೆ ಮುಕ್ಕಾಲು ಗಂಟೆ, ಆ ಮುಂದಿನದೂ ಹೊರಡಲು ಗಂಟೆಗಟ್ಟಲೆ ತಡ. ಖಾಲಿ ಬೆಂಚಿನ ಮೇಲೆ ಕೂತು ಅಮ್ಮನಿಗೆ ಆರು ಸಲ ಫೋನು ಮಾಡಿದ. ತೆಗೆಯಲಿಲ್ಲ.

ನಹರಿಯಾದಿಂದ ಟ್ಯಾಕ್ಸಿ ಹಿಡಿದು ಮಣ್ಣುರಸ್ತೆಯ ಬಾಯಿಗೆ ಇಳಿದಾಗ ನಾಲ್ಕು ದಾಟಿತ್ತು. ಗುಡ್ಡ ಹತ್ತುತ್ತಾ ಟೈ ಕಟ್ಟಿಕೊಂಡ. ಜನ ಚರ್ಚಿನ ಹಿಂದಿನಿಂದ ಈಚೆಗೆ ಬರುತ್ತಿದ್ದರು, ಅಂದರೆ ಮುಗಿದಿತ್ತು. ಎಲ್ಲರೂ ಅವನ ಕೈಹಿಡಿದು, ಬೇರೆ ದಿನಕ್ಕಿಂತ ತುಸು ಹೆಚ್ಚು ಹೊತ್ತು ಹಿಡಿದು, ದೇವರು ನಿನಗೆ ಆಯುಸ್ಸು ಕೊಡಲಿ ಎಂದರು. ಜಿರಯಸ್, ಚಿಕ್ಕಪ್ಪನ ಮಗ, ಲಾರಿ ಓಡಿಸುವ ದಪ್ಪ ಆಳು, ಮೊಣಕೈವರೆಗೂ ಮಣ್ಣಾದ ತೋಳುಗಳಿಂದ ಅವನನ್ನು ತಬ್ಬಿಕೊಂಡ.

"ಬಂದ್ಯಾ ಡಾಕ್ಟ್ರೇ." ಔಷಧಿ ಅಂಗಡಿಯವನನ್ನು ಅವರೆಲ್ಲ ಡಾಕ್ಟ್ರೇ ಎನ್ನುವವರು. "ನಮ್ಮಪ್ಪ ನಿನ್ನ ಹಾಸಿಗೇಲಿ ಮಲಗಿಬಿಟ್ಟ ನೋಡು. ಬದುಕಿದ್ದಾಗಲೂ ಅಷ್ಟೇ, ಎಲ್ಲಿ ಜಾಗ ಸಿಕ್ಕಿದ್ರೆ ಅಲ್ಲಿ ಗೊರಕೆ." ನಗುತ್ತಲೇ ಅವನ ಕಣ್ಣು ತುಂಬಿತು. "ದೊಡ್ಡಮ್ಮ ಹೇಳಿದ್ರು. ಕೇಳಿದ ಕೂಡಲೇ ಕೊಡು ಅಂದನಂತೆ, ಒಂದು ಸಲಾನೂ ಯೋಚಿಸಲಿಲ್ಲವಂತೆ. ಇದನ್ನ ಮರೆಯಲ್ಲ ಕಣೋ ಅಣ್ಣಾ. ಅಣ್ಣತಮ್ಮ ಇಬ್ರೂ ಒಟ್ಟಿಗೆ ಸೇರಿದ್ರು, ನಿನ್ನಿಂದ."

ಅಬು ನಖ್ಲೆ ಊರುಗೋಲು ಊರುತ್ತಾ ಬಂದು ಅವನ ಹಣೆಗೆ ಮುತ್ತಿಟ್ಟ. "ಈಗಿನ ಕಾಲದ ಮಕ್ಕಳಿಗೆ ಇಂಥ ಬುದ್ಧಿ ಎಲ್ಲಿ ಬರ್ತದೆ? ಭೂಮಿ ಅಂದ್ರೆ ಅಣ್ಣತಮ್ಮಂದಿರು ಕತ್ತಿ ಹಿಡೀತಾರೆ. ನೀನು ಕೈಯೆತ್ತಿ ಕೊಟ್ಟೆ."

"ನನಗೆ ಬೇರೆ ಎಲ್ಲಾದ್ರೂ..." ಎಂದು ನಬೀಹ್ ಬಾಯಿ ತೆರೆದ.

"ಎಲ್ಲಿದೆ ಮಗನೇ? ಉಳಿದ ಆರಕ್ಕೂ ಹೆಸರು ಬಿದ್ದಾಗಿದೆ. ಗೋಡೆ ಆಚೆ ಯಹೂದಿ ಊರೋರ ದನ ಮೇಯೋ ಜಾಗ. ಹೈಫಾದಲ್ಲಿ ದೊಡ್ಡ ಸ್ಮಶಾನ ಇದೆಯಲ್ಲ, ನೆರಳೂ ಚೆನ್ನಾಗಿದೆ. ನೀನು ಹೇಗೂ ಅಲ್ಲಿಯೋನೇ ಆದೆಯಲ್ಲ." ಮುದುಕ ಅದನ್ನು ಪ್ರೀತಿಯಿಂದಲೇ ಹೇಳಿ ಬೆನ್ನು ತಟ್ಟಿದ.

ಹೊಗಳಿಕೆ ಇಷ್ಟು ಉರಿಯುತ್ತದೆಂದು ನಬೀಹ್‌ಗೆ ಗೊತ್ತಿರಲಿಲ್ಲ. ಕಳ್ಳನನ್ನು ಹಿಡಿದು ಹಾರ ಹಾಕಿದಂತಿತ್ತು. ಅಪ್ಪನ ಎಡಗಡೆ ಕೆಂಪು ಮಣ್ಣಿನ ದಿಬ್ಬ, ಮೇಲೆ ಎರಡು ಹೂಗುಚ್ಛ. ಗೋಡೆಯ ಮೇಲೆ ಅವನ ಹೆಸರಿದ್ದ ಕಡೆ ಯಾರೋ ಸುಣ್ಣ ಬಳಿದಿದ್ದರು, ಸುಣ್ಣ ಇನ್ನೂ ಹಸಿಯಿತ್ತು. ಅಮ್ಮ ಸ್ವಲ್ಪ ದೂರದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ಕಾಲ ಬಳಿ ಫ್ಲಾಸ್ಕ್ ಇಟ್ಟುಕೊಂಡು, ಬಂದವರಿಗೆ ಸಾವಿನ ಮನೆಯ ಸಕ್ಕರೆಯಿಲ್ಲದ ಕಾಫಿ ಬಗ್ಗಿಸಿ ಕೊಡುತ್ತಿದ್ದಳು. ಎಪ್ಪತ್ತೆಂಟರಲ್ಲೂ ಒಂದು ಹನಿ ಹೊರಗೆ ಚೆಲ್ಲುತ್ತಿರಲಿಲ್ಲ. ಅವನು ಮುಂದೆ ಬಂದು ನಿಂತಾಗ ಬಟ್ಟಲು ನೀಡಿ, ಬೇರೆ ಯಾರಿಗೂ ಕೇಳದಷ್ಟು ಮೆಲ್ಲಗೆ, ಹೀಬ್ರೂವಿನಲ್ಲಿ ಹೇಳಿದಳು: "ತೆಗೆದುಕೊಳ್ಳಿ ಸ್ವಾಮಿ."

"ಯಮ್ಮಾ, ಬೇಡ. ಹಾಗೆ ಮಾತಾಡ್ಬೇಡ."

"ತಮಗೆ ಅರ್ಥವಾಗಲೆಂದು ಮಾತಾಡಿದೆ."

"ಎದುರಿಗೆ ಬಂದೂಕು ಹಿಡ್ಕೊಂಡು ಕೂತಿದ್ರು. ನಾನೇನು ಮಾಡಲಿ?" ಎಂದ. ಅವಳು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದಳು. ಅವನಿಗೆ ರೇಗಿತು, ಬೆಳಗಿನಿಂದ ಯಾರ ಮೇಲೂ ರೇಗಲಾಗದ್ದೆಲ್ಲ ಈಗ ಸುಲಭವಾದ ಕಡೆಗೆ ಹರಿಯಿತು. "ಕಲಿಸಿದ್ದು ಯಾರು? ನೀನೇ ಅಲ್ವಾ? ಬಸ್ಸಲ್ಲಿ ತೊಡೆ ಹಿಂಡಿ ಹಿಂಡಿ ಕಲಿಸಿದ್ದು? ಮೆಲ್ಲಗೆ, ಜನ ಇದ್ದಾರೆ, ಮೆಲ್ಲಗೆ, ಜನ ಇದ್ದಾರೆ. ಚೆನ್ನಾಗಿ ಕಲಿತೆ, ಇನ್ನೇನು ಬೇಕು ನಿನಗೆ?"

ಅಮ್ಮ ಮುಚ್ಚಳವನ್ನು ಬಿಟ್ಟಳು. ಅವನ ಮುಖವನ್ನು ಆಗ ಮೊದಲ ಸಲ ನೋಡಿದಳು. ಮಾತು ತಮ್ಮ ಭಾಷೆಗೆ ತಿರುಗಿತು.

"ಸುಮ್ಮನಿರು ಅಂತ ಕಲಿಸಿದ್ದೆ ಕಣೋ. ನಿನ್ನನ್ನ ಪೂರ್ತಿಯಾಗಿ ಮನೆಗೆ ವಾಪಸ್ ಕರ್ಕೊಂಡು ಬರಬೇಕಾಗಿತ್ತು ನಂಗೆ. ಫೋನು ತೆಗೀದೇ ಇದ್ದಿದ್ರೆ ನಾನು ಒಂದು ಮಾತು ಅಂತಿರಲಿಲ್ಲ, ರೈಲಲ್ಲಿದಾನೆ, ಜನ ಇದಾರೆ ಅಂದ್ಕೊಂಡು ಸಂಜೆವರೆಗೂ ಗುದ್ದಲಿ ಮೇಲೆ ಕೂತಿರ್ತಿದ್ದೆ. ನೀನು ತೆಗೆದು, ಆಮೇಲೆ ನೋಡೋಣ ಅಂದೆ. ಆ ಭಾಷೇಲಿ ಆ ಮಾತಿಗೆ ಏನರ್ಥ ಅಂತ ನಂಗೆ ಗೊತ್ತಿಲ್ವಾ? ನಿನ್ನ ತಾತ ಇದೇ ಚರ್ಚಿನ ಮೆಟ್ಟಿಲ ಮೇಲೆ ನಿಂತು ಲಾರಿ ತಂದಿದ್ದ ಸೈನ್ಯದ ಅಧಿಕಾರಿ ಹತ್ರ ಕೇಳಿದ್ರಂತೆ, ವಾಪಸ್ ಬರೋದು ಯಾವಾಗ ಅಂತ. ಅವನೂ ಒಳ್ಳೆ ಮಾತಲ್ಲೇ ಹೇಳಿದ್ನಂತೆ. ಹದಿನೈದು ದಿನ, ಆಮೇಲೆ ನೋಡೋಣ. ನಿಮ್ಮಪ್ಪ ಸಾಯೋ ತನಕ ಆ ಹದಿನೈದು ದಿನ ಎಣಿಸಿದ್ರು. ನಾನು ಎಣಿಸಲಿಲ್ಲ. ಅಗೀರಪ್ಪಾ ಅಂದೆ."

ಫ್ಲಾಸ್ಕಿನ ಮುಚ್ಚಳ ಬಿಗಿಮಾಡಿ ಹೇಳಿದಳು: "ಅವರ ಮುಂದೆ ನಿನ್ನ ಮಾನ ಕಳೀಲಿಲ್ಲ. ಕೊಡು ಅಂದ ಅಂತಲೇ ಹೇಳಿದೆ. ಕಾಫಿ ಕುಡಿ, ಆರತ್ತೆ."

ಅವನು ಕುಡಿದ. ಕಹಿ ನಾಲಿಗೆಯ ಬುಡದವರೆಗೂ ಹೋಯಿತು. ಗೋಡೆಯಾಚೆ ದನಗಳ ಕೊರಳಗಂಟೆ ಕೇಳುತ್ತಿತ್ತು. ನಾಳೆ ಬೆಳಗ್ಗೆ ಅಂಗಡಿ ಬಾಗಿಲು ತೆಗೆಯುವವನು ಅವನೇ, ಇವತ್ತೇ ಹಿಂತಿರುಗಬೇಕು ಎಂದು ಹೇಳಲು ಇನ್ನೊಂದಿಷ್ಟು ನಾಚಿಕೆಗೆಡಬೇಕಾಯಿತು. ಅಮ್ಮ ಮಾತ್ರೆಯ ಪೊಟ್ಟಣ ಇಸಿದುಕೊಂಡಳು, ಅದರ ಬದಲಿಗೆ ಸತ್ತವನ ಹೆಸರಿನಲ್ಲಿ ಹಂಚುವ ರೊಟ್ಟಿಯನ್ನು ಕಾಗದದಲ್ಲಿ ಸುತ್ತಿ ಕೊಟ್ಟಳು. ಏನೂ ಕರೆಯಲಿಲ್ಲ, ಸ್ವಾಮಿ ಎಂದೂ ಇಲ್ಲ, ಯಮ್ಮಾ ಎಂದೂ ಇಲ್ಲ. ಹಿಂದಕ್ಕೆ ಇಳಿಯುವಾಗ ಅವನು ತಿರುಗಿ ನೋಡಲಿಲ್ಲ. ತಿರುಗಿ ನೋಡಲು ಅಲ್ಲಿ ತನ್ನದೆನ್ನುವುದು ಒಂದು ಬಳಿದ ಸುಣ್ಣ ಮಾತ್ರ ಎಂದುಕೊಂಡ, ಹಾಗೆ ಅಂದುಕೊಂಡದ್ದರಲ್ಲಿ ತನಗೆ ತಾನೇ ಮರುಕಪಟ್ಟುಕೊಳ್ಳುವ ಒಂದು ರುಚಿಯಿದೆಯೆಂದು ಅದಕ್ಕೂ ಅಸಹ್ಯಪಟ್ಟ.

ಸಂಜೆಯ ರೈಲು ತುಂಬಿತ್ತು. ಸೂರ್ಯ ಇನ್ನೂ ಸಮುದ್ರದ ಮೇಲಿದ್ದ. ಕಿಟಕಿ ಪಕ್ಕದ ಸೀಟಿನಲ್ಲಿ ರೊಟ್ಟಿಯ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಎದುರಿಗೆ ಇಬ್ಬರು ಸೈನಿಕ ಹುಡುಗರು, ಪಕ್ಕದಲ್ಲಿ ಒಬ್ಬ ಕನ್ನಡಕದವನು, ಎಲ್ಲರ ಮುಖದಲ್ಲೂ ದಿನದ ದಣಿವು. ಫೋನು ನಡುಗಿತು. ಅಮ್ಮ. ಅವನು ಏಳಲಿಲ್ಲ, ಅಂಗೈ ಅಡ್ಡ ಹಿಡಿಯಲಿಲ್ಲ. ಐವತ್ತೆರಡರ ಗಂಡಸು ತಾಯಿಯ ಫೋನು ತೆಗೆಯಲು ಧೈರ್ಯ ಒಟ್ಟುಮಾಡಿಕೊಳ್ಳಬೇಕಾಯಿತು.

"ಯಮ್ಮಾ!" ಎಂದ ಅರಬ್ಬಿಯಲ್ಲಿ, ಬೇಕಾದದ್ದಕ್ಕಿಂತ ಎರಡರಷ್ಟು ಗಟ್ಟಿಯಾಗಿ. "ಯಮ್ಮಾ, ಹೇಳು, ಕೇಳಿಸ್ತಿದೆ, ನಾನು ರೈಲಲ್ಲೇ ಇದೀನಿ, ಹೇಳು!"

ಇಡೀ ಬೋಗಿಯ ಮಾತು ನಿಂತಿತು. ಕನ್ನಡಕದವನು ಮೊಣಕೈಯನ್ನು ತನ್ನ ಕಡೆಗೆ ಎಳೆದುಕೊಂಡ. ಹುಡುಗರಲ್ಲೊಬ್ಬನ ಕೈ ಬಂದೂಕಿನ ಪಟ್ಟಿಯ ಮೇಲೆ ಹೋಗಿ ಕೂತಿತು. ಆ ತುದಿಯಲ್ಲಿ ಅಮ್ಮನಿಗೆ ಆ ಮೌನವೂ ಕೇಳಿಸಿರಬೇಕು. ಎಷ್ಟೋ ವರ್ಷದ ಬಸ್ಸುಗಳಲ್ಲಿ ಕೇಳಿ ಗೊತ್ತಿದ್ದ ಮೌನ. ಅವಳು ಉಸಿರು ಹಿಡಿದದ್ದು ಅವನ ಕಿವಿಗೆ ಬಂತು, ಆಮೇಲೆ ದನಿ ಬಂತು. ಗಾಬರಿ ಬಿದ್ದ, ತನ್ನ ಭಾಷೆಯ ದನಿ.

"ಮೆಲ್ಲಗೆ ಮಾತಾಡು ಯಮ್ಮಾ. ಜನ ಇದ್ದಾರೆ."